ಕೈ ತೊಳಕೊಂಡ ನೀರು

ಬೆಳಮಡು ಪಟ್ಟಣ ಪಂಚಾಯತಿಗೆ ಒಂದು ಹಸಿರು ಟ್ಯಾಂಕರ್ ಇತ್ತು. ಸಂಜೆಯಾದ ಮೇಲೆ ಅದು ತುಂಬಿಯೇ ನಿಂತಿರಬೇಕು. ಅದರ ನೀರು ಕುಡಿಯಲಿಕ್ಕಲ್ಲ, ಬಳಸಲಿಕ್ಕಲ್ಲ, ಬೆಂಕಿಗೆ ಅಂತಲೇ ತೆಗೆದಿಟ್ಟದ್ದು. ಆಳಂದದಿಂದ ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ಬಣವಿ ಬೂದಿಯಾಗಿರುತ್ತದೆ ಅಂತ ಹಿಂದೆ ಯಾರೋ ತಿಳಿದವರು ಮಾಡಿಟ್ಟ ಕಟ್ಟಳೆ ಅದು. ಟ್ಯಾಂಕರಿನ ಸಂಗಡ ರಾತ್ರಿ ಪಾಳಿಗೆ ಮೂರು ಮಂದಿ ಇದ್ದರು. ಅವರಲ್ಲಿ ಗಾಡಿ ನಡೆಸುವವನು ಕಲ್ಲಿನಾಥ, ಸುಂದರಬಾಯಿಯ ಕಿರಿಯ ಮಗ.

ಆದರೆ ಬೇಸಿಗೆಯಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಊರು ಅದು. ಅಂಥ ಊರಲ್ಲಿ ತುಂಬಿ ನಿಂತ ಟ್ಯಾಂಕರ್ ಅಂದರೆ ಹಸಿದವನ ಮುಂದೆ ಮುಚ್ಚಿಟ್ಟ ಹೋಳಿಗೆ ಬುಟ್ಟಿ ಇದ್ದ ಹಾಗೆ. ಎಲ್ಲರ ಕಣ್ಣೂ ಅದರ ಮೇಲೆಯೇ.

ಪಂಚಾಯತಿ ಅಧ್ಯಕ್ಷ ಗುರುಪಾದನ ತಂಗಿಯ ಮಗಳ ಲಗ್ನ ನಿಂಬರ್ಗಾದಲ್ಲಿ ಇತ್ತು. ಆವತ್ತು ಬೆಳಿಗ್ಗೆ ಸುಂದರಬಾಯಿಯ ಗಂಡ ದೌಲತರಾಯ ಕಟ್ಟೆಯ ಮೇಲೆ ಕೂತು ಮಗನನ್ನು ಕರೆದ.

"ಟ್ಯಾಂಕರ್ ನಿಂಬರ್ಗಾಕ್ಕ ಒಯ್ಯಿ. ಬೀಗರ ಮುಂದ ಅಧ್ಯಕ್ಷರ ಇಜ್ಜತಿನ ಮಾತು."

"ಯಪ್ಪಾ, ಸಂಜಿಗೆ ಅದು ತುಂಬಿ ನಿಂತಿರಬೇಕು."

"ಸಂಜಿಗೆ ಬಾ. ಇವತ್ತು ಬರ್ತೀನಂತ ಬೆಂಕಿ ಏನ್ ನಿನಗ ಚೀಟಿ ಬರದು ಕಳಿಸ್ಯಾದೇನು?"

ಕಲ್ಲಿನಾಥ ತಾಯಿಯ ಮುಖ ನೋಡಿದ. ಸುಂದರಬಾಯಿ ಲಗ್ನಕ್ಕೆ ಉಡುವ ಇಳಕಲ್ ಸೀರೆಯ ಮಡಿಕೆ ಬಿಚ್ಚುತ್ತಿದ್ದಳು. ಅವನು ಕೀಲಿ ತೆಗೆದುಕೊಂಡು ಹೋದ.

ಲಗ್ನದಲ್ಲಿ ಊಟವಾದ ಮೇಲೆ ಸುಂದರಬಾಯಿ ಕೈ ತೊಳೆಯಲಿಕ್ಕೆ ಹೋದಳು. ಚಪ್ಪರದ ಹಿಂದೆ ನಿಂತಿದ್ದ ಟ್ಯಾಂಕರಿನ ನಳಕ್ಕೆ ಕೆಂಪು ದಡಿಯ ಬಟ್ಟೆ ಸುತ್ತಿತ್ತು. ನೀರು ಸೋರುತ್ತದೆ ಅಂತ ಕಲ್ಲಿನಾಥ ಕಟ್ಟಿದ್ದು, ಅವಳದೇ ಹಳೆಯ ಸೀರೆಯ ತುಂಡು. ಅದನ್ನು ನೋಡಿ ಅವಳಿಗೆ ಹೆಮ್ಮೆಯೇ ಆಯಿತು. "ನಮ್ಮ ಹುಡುಗನ ಗಾಡಿರಿ," ಅಂತ ಬಾಜೂಕ್ಕೆ ನಿಂತವಳಿಗೆ ಹೇಳಿ, ಮುಖ ಸಹ ತೊಳೆದುಕೊಂಡಳು. ಬೆಳಮಡುವಿನ ಅರ್ಧ ಊರು ಆ ನಳಕ್ಕೆ ಸಾಲು ಹಚ್ಚಿತ್ತು.

ಆ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಗುರುಶಾಂತಮ್ಮನ ಕಣಕಿ ಬಣವಿಗೆ, ಒಣ ಜೋಳದ ದಂಟಿನ ರಾಶಿಗೆ, ಬೆಂಕಿ ಬಿತ್ತು.

ಗುರುಶಾಂತಮ್ಮ ಸುಂದರಬಾಯಿಯ ಓಣಿಯವಳೇ. ಗಂಡ ಇಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕುವವಳು. ಬಣವಿ ಪಕ್ಕದಲ್ಲೇ ಎಮ್ಮೆ ಕಟ್ಟುವ ಚಪ್ಪರ. ಕಲ್ಲಿನಾಥ ನಿಂಬರ್ಗಾದಿಂದ ಬರಿದಾದ ಟ್ಯಾಂಕರ್ ತಂದು ಬೋರಿಗೆ ನಿಲ್ಲಿಸಿದಾಗಲೇ ಹೊಗೆ ಕಂಡಿತು. ತುಂಬಲಿ ಅಂತ ಟ್ಯಾಂಕರಿಗೆ ಪೈಪ್ ಇಳಿಬಿಟ್ಟು, ಕೊಡ ಹಿಡಿದು ಓಡಿದ. ಒಂದು ಎಮ್ಮೆಯ ಹಗ್ಗ ಕೊಯ್ದ. ಇನ್ನೊಂದರ ಹತ್ತಿರ ಹೋಗುವಷ್ಟರಲ್ಲಿ ಚಪ್ಪರ ಕುಸಿಯಿತು. ಟ್ಯಾಂಕರ್ ತುಂಬಿ ಬಂದಾಗ ಆರಿಸಲಿಕ್ಕೆ ಕೆಂಡ ಮಾತ್ರ ಉಳಿದಿತ್ತು.

ಮರುದಿನ ಊರಲ್ಲಿ ಒಂದೇ ಮಾತು. ರಾತ್ರಿ ಪಾಳಿಯವರು ಮಲಗಿದ್ದರು, ಅದಕ್ಕೇ ನೀರು ತಡವಾಯಿತು ಅಂತ. ನಿಂಬರ್ಗಾದಲ್ಲಿ ಉಂಡು ಬಂದವರೂ ಅದನ್ನೇ ಆಡಿದರು. ಆ ನಳದ ಕೆಳಗೆ ಕೈ ಒಡ್ಡಿದವರು ಒಬ್ಬರೂ ಟ್ಯಾಂಕರಿನ ಹೆಸರು ಎತ್ತಲಿಲ್ಲ.

ಕಲ್ಲಿನಾಥನ ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಸುಂದರಬಾಯಿ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಕಲಸಿ ತಾನೇ ಉಣಿಸಿದಳು.

"ಅಪ್ಪ ಕಳಿಸಿದ್ರು ಅಂತ ಹೇಳಬಾರದೇನೋ?"

"ಅಪ್ಪನ ಹೆಸರು ನಾ ಹೆಂಗ ಹೇಳಲಿ ಬೇ? ಅವರೇ ಹೇಳ್ತಾರ."

ದೌಲತರಾಯ ಹೇಳಲಿಲ್ಲ.

ವಾರ ಕಳೆದ ಮೇಲೆ ಅವನು ಪಂಚಾಯತಿಯಿಂದ ಬಲು ಹುರುಪಿನಲ್ಲಿ ಬಂದ. ಗಂಡಸರು ಉಣ್ಣಲಿಕ್ಕೆ ಕೂತಿದ್ದರು. ಹಿರಿಯ ಮಗ ಸುನೀಲಕುಮಾರ ಕಬ್ಬಿಣ, ಸಿಮೆಂಟಿನ ಅಂಗಡಿ ಮುಚ್ಚಿ ಬಂದಿದ್ದ. ಸೊಸೆ ಭಾಗ್ಯಜ್ಯೋತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಈ ಭಾಗ್ಯಜ್ಯೋತಿಯೇ ಪಂಚಾಯತಿ ಮೆಂಬರ್. ಸೀಟು ಹೆಂಗಸರಿಗೆ ಬಂತು ಅಂತ ದೌಲತರಾಯ ಸೊಸೆಯ ಹೆಸರಲ್ಲಿ ಅರ್ಜಿ ಹಾಕಿಸಿದ್ದ. ಗೆದ್ದ ದಿನ ಹಾರ ಅವಳ ಕೊರಳಿಗೆ ಬಿತ್ತು. ಮರುದಿನದಿಂದ ಖುರ್ಚಿಯಲ್ಲಿ ಕೂತವನು ಅವನೇ. ಮೀಟಿಂಗಿನ ಪುಸ್ತಕ ಮನೆಗೆ ಬರುತ್ತಿತ್ತು, ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿ ಸಹಿ ಮಾಡುತ್ತಿದ್ದಳು. ಆ ಊರಲ್ಲಿ ಹೆಂಗಸು ಮೆಂಬರ್ ಇದ್ದ ಮನೆಗಳೆಲ್ಲ ಹಾಗೆಯೇ ನಡೆದಿದ್ದವು. ಯಾರಿಗೂ ಅದು ತಪ್ಪು ಅನಿಸಿರಲಿಲ್ಲ. ಸುಂದರಬಾಯಿಗೂ ಇಲ್ಲ.

"ಬಜೆಟ್ ಮೀಟಿಂಗ್ ಬಂತು," ಅಂದ ದೌಲತರಾಯ. "ಊರ ಬಾಗಲಿಗೆ ಸ್ವಾಗತ ಕಮಾನು ಕಟ್ಟೋದು ಪಕ್ಕಾ. ಅಫಜಲಪುರ ರಸ್ತಾದ ಮಂದಿ ನಿಂತು ನೋಡಬೇಕು ಹಂಗ. ಕಬ್ಬಿಣ, ಸಿಮೆಂಟ್ ಎಲ್ಲಾ ನಮ್ಮ ಸುನೀಲನ ಅಂಗಡಿದು. ಅಧ್ಯಕ್ಷರು ಬಾಯಿಬಿಟ್ಟು ಹೇಳ್ಯಾರ."

"ದುಡ್ಡು ಎಲ್ಲಿಂದರಿ?" ಒಲೆಯ ಕಡೆಯಿಂದ ಭಾಗ್ಯಜ್ಯೋತಿ ಕೇಳಿದಳು.

ದೌಲತರಾಯ ಕಿರಿಯ ಮಗನ ಕಡೆ ನೋಡದೆ ಹೇಳಿದ: "ರಾತ್ರಿ ಪಾಳಿ ಪಗಾರ ತೆಗೀತಾರ. ಬೆಂಕಿ ಆರಸೋದು ಸರಕಾರದ ಕೆಲಸ. ನಮ್ಮ ಪಂಚಾಯತಿ ಯಾಕ ಮಲಗೋ ಮಂದಿಗೆ ಪಗಾರ ಕೊಡಬೇಕು?"

ಕಲ್ಲಿನಾಥನ ಕೈಯ ತುತ್ತು ಅಲ್ಲೇ ನಿಂತಿತು.

"ಯಪ್ಪಾ, ನಾ ಮಲಗಿದ್ದೆನೇನ್ರಿ?"

"ನಾ ಅಂದಿಲ್ಲ. ಊರ ಮಂದಿ ಅಂತಾರ."

"ಊರ ಮಂದಿಗೆ ನೀವು ಏನಂದ್ರಿ?"

ದೌಲತರಾಯ ಖಾರದ ಹಿಂಡಿ ಹಚ್ಚಿಕೊಂಡು ರೊಟ್ಟಿ ಅಗಿದ. ನಡುವೆ ಸುನೀಲಕುಮಾರ ಬಾಯಿ ಹಾಕಿದ: "ತಮ್ಮಾ, ಯಾಕ ಜಗಳ? ಪಾಳಿ ಹೋದ್ರ ಹೋಗ್ತದ, ಅಂಗಡ್ಯಾಗ ಬಾ. ನಾ ಇಟ್ಕೋತೀನಿ."

"ನಿನ್ನ ಅಂಗಡ್ಯಾಗ ಕೂತು ಏನ್ ಮಾಡಲೋ ಅಣ್ಣಾ? ಊರಾಗ ಬೆಂಕಿ ಹತ್ತಿದ್ರ ಸಿಮೆಂಟ್ ಉಗ್ಗಲೇನು?"

"ನಾಲಿಗಿ ಬಿಗಿ ಹಿಡಿ ಲೇ."

"ನೀ ಮೊದಲ ನಿನ್ನ ಕಮಾನು ಬಿಗಿ ಹಿಡಿ."

ಕಲ್ಲಿನಾಥ ಅರ್ಧ ಊಟಕ್ಕೆ ಎದ್ದ. ತಾಯಿ ಕಟ್ಟಿಟ್ಟ ಬುತ್ತಿಯನ್ನೂ ಮುಟ್ಟದೆ ಪಾಳಿಗೆ ಹೋದ. ಸುಂದರಬಾಯಿ ಬುತ್ತಿ ಬಟ್ಟೆ ಬಿಚ್ಚಿ, ರೊಟ್ಟಿ ತಿರುಗಿ ಬುಟ್ಟಿಗೆ ಹಾಕಿದಳು. ಗಂಡನ ತಾಟಿಗೆ ಮಜ್ಜಿಗೆ ಹಾಕುವುದನ್ನು ಆವತ್ತು ಮರೆತಳು. ಅವನೂ ಕೇಳಲಿಲ್ಲ.

ಆ ಮೇಲಿನ ದಿನಗಳಲ್ಲಿ ಮನೆಯಲ್ಲಿ ಪಾತ್ರೆಗಳ ಸಪ್ಪಳವೇ ಹೆಚ್ಚಾಯಿತು. ದುಡ್ಡು ಎಲ್ಲಿಂದ ಅಂತ ಕೇಳಿದ್ದಕ್ಕೆ ಸುನೀಲಕುಮಾರ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಅವನ ಅಂಗಿ ಒಗೆಯುವುದನ್ನು ಬಿಟ್ಟಳು. ಕಲ್ಲಿನಾಥನ ಜೊತೆ ಪಾಳಿ ಮಾಡುವ ಸೈದಪ್ಪ ಒಂದು ಮುಂಜಾನೆ ಬಾಗಿಲಿಗೇ ಬಂದ. "ನಿಮ್ಮ ಮನಿ ಮರ್ಯಾದಿ ಉಳಸಾಕ ಹೋಗಿ ನಮ್ಮ ಹೊಟ್ಟಿ ಮ್ಯಾಲ ಕಲ್ಲ ಬಿತ್ತಲ್ರಿ ಯವ್ವಾ," ಅಂದವನು ಚಹಾ ಸಹ ಕುಡಿಯದೆ ಹೋದ.

ಇವೆಲ್ಲ ಸುಂದರಬಾಯಿ ನುಂಗಿಕೊಂಡಳು. ಅವಳಿಗೆ ನುಂಗಿ ರೂಢಿಯಿತ್ತು. ಈ ಮನೆಗೆ ಬಂದಾಗ ಅತ್ತೆಯ ಮಾತು ನುಂಗಿದ್ದಳು, ಆ ಮೇಲೆ ಗಂಡನದು. ನುಂಗಲಾಗದ್ದು ಒಂದೇ ಒಂದು ಬಂತು. ಅದನ್ನು ತಂದವಳು ಗುರುಶಾಂತಮ್ಮ.

ಮೊದಲು ಗುರುಶಾಂತಮ್ಮನ ಮನೆಯಿಂದ ಈ ಮನೆಗೆ ಹಾಲು ಬರುತ್ತಿತ್ತು. ಈಗ ಉಳಿದ ಎಮ್ಮೆ ಹೆದರಿಕೆಗೆ ಹಾಲು ಬತ್ತಿಸಿಕೊಂಡಿತ್ತು. ಅವಳೇ ತಂಬಿಗೆ ಹಿಡಿದು ಮಜ್ಜಿಗೆ ಕೇಳಲಿಕ್ಕೆ ಬಂದಳು. ಸುಂದರಬಾಯಿ ತುಂಬಿಸಿ ಕೊಟ್ಟಳು. ಗುರುಶಾಂತಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಸುಂದರವ್ವಾ, ಸಿಟ್ಟಾಗಬ್ಯಾಡ. ಒಂದು ಕೇಳ್ತೀನಿ. ನಿನ್ನ ಮಗ ಅವತ್ತು ಖರೇನ ಮಲಗಿದ್ದನೇನು?"

"ಮಲಗಿದವನು ನಿನ್ನ ಎಮ್ಮಿ ಹಗ್ಗ ಹೆಂಗ ಕೊಯ್ದಾನು?"

"ಅದಕ್ಕೇ ಕೇಳ್ತೀನಿ. ಒಂದು ಎಮ್ಮಿ ಉಳಿಸ್ಯಾನ. ಅವನ ಕೈ ನಾ ನೋಡೇನಿ. ಅವನಿಗೆ ನಾ ಬೈಬೇಕೋ, ಕೈ ಮುಗಿಬೇಕೋ, ಅದೇ ತಿಳೀದಂಗ ಆಗ್ಯಾದ. ನಾ ಲಗ್ನಕ್ಕ ಬಂದಿಲ್ಲ. ನನಗ ಯಾರು ಕರೀತಾರ? ನೀ ಹೋಗಿದ್ದಿ. ನಿನಗ ಏನರ ಗೊತ್ತದೇನು?"

ಸುಂದರಬಾಯಿ ಹೊಸ್ತಿಲ ಮೇಲೆ ಚೆಲ್ಲಿದ ಮಜ್ಜಿಗೆ ಒರೆಸತೊಡಗಿದಳು. ಗುರುಶಾಂತಮ್ಮ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಸುಂದರಬಾಯಿ ಒಳಗೆ ಬಂದು ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ಸೊಸೆಯನ್ನು ಕರೆದಳು.

"ಭಾಗ್ಯಾ, ಆ ಮೀಟಿಂಗಿನಾಗ ನಿನ್ನ ಖುರ್ಚಿ ಅದ ಅಲ್ಲ?"

"ಅದ ಅಂತಾರತ್ತಿ. ನಾ ನೋಡಿಲ್ಲ."

"ನೋಡಿಕೊಂಡು ಬರೋಣು ನಡಿ."

ಭಾಗ್ಯಜ್ಯೋತಿ ಹೊರಗಿನ ಕಟ್ಟೆಯ ಕಡೆ ನೋಡಿದಳು. "ಮಾವಾರು?"

"ಮಾವಾರಿಗೆ ನಾ ಹೇಳ್ತೀನಿ."

ಹೇಳಿದಳು. ಬಜೆಟ್ ಮೀಟಿಂಗಿನ ಹಿಂದಿನ ಸಂಜೆ, ದೌಲತರಾಯ ನಾಳೆಗೆಂದು ಧೋತರಕ್ಕೆ ನೀಲಿ ಹಾಕಿಸುತ್ತಿದ್ದಾಗ ಹೇಳಿದಳು.

"ನಾಳಿ ನೀವು ಹೋಗೂದು ಬ್ಯಾಡರಿ. ಮೆಂಬರೇ ಹೋಗ್ತಾಳ."

"ಯಾವ ಮೆಂಬರ್?"

"ನಿಮ್ಮ ಮನ್ಯಾಗ ಎಷ್ಟು ಮಂದಿ ಮೆಂಬರ್ ಅದಾರ?"

ದೌಲತರಾಯ ಗಟ್ಟಿಯಾಗಿ ನಕ್ಕ. "ಏ, ಅಲ್ಲಿ ಮಾತಾಡೋದು ಅಂದ್ರ ರೊಟ್ಟಿ ಬಡದಂಗಲ್ಲ. ಗುರುಪಾದಗ ನಾ ಮಾತು ಕೊಟ್ಟೇನಿ. ಈ ಮನಿ ಕೈ ಕಮಾನಿಗೆ ಏಳ್ತದ ಅಂತ."

"ನಿಮ್ಮ ಕೈ ಕೊಡ್ರಿ. ಅವಳ ಕೈ ಯಾಕ ಕೊಟ್ರಿ?"

"ಸುನೀಲಾ!" ಅಂತ ಕೂಗಿದ ದೌಲತರಾಯ. "ನಿನ್ನ ಹೆಂಡತಿಗೆ ಹೇಳು."

ಸುನೀಲಕುಮಾರ ಹೊರಗೆ ಬಂದ. ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. "ಭಾಗ್ಯಾ, ಅಂಗಡಿ ನಡೀಬೇಕಲ್ಲ?" ಅಂದ. ದನಿಯಲ್ಲಿ ಜೋರಿರಲಿಲ್ಲ.

"ನಡೀಲಿ ಬಿಡ್ರಿ. ನಿಮ್ಮ ತಮ್ಮನ ಹೆಸರು ಕೆಡಿಸಿ ನಡೀಬ್ಯಾಡ. ನಾಳಿ ಅವರು ಆ ಪುಸ್ತಕದಾಗ ಮಲಗಿದ್ರು ಅಂತ ಬರೀತಾರ. ಕೆಳಗ ನನ್ನ ಸಹಿ ಕೇಳ್ತಾರ. ಮೂರು ವರ್ಷ ಏನು ಬರದಾರ ಅಂತ ಓದದೇ ಸಹಿ ಮಾಡೇನಿ. ಇದಕ್ಕ ಮಾಡಾಂಗಿಲ್ಲ."

ಆ ರಾತ್ರಿ ಮಾವ ಉಣ್ಣಲಿಲ್ಲ. ಯಾರೂ ಏಳಿರಿ ಅಂತ ಕರೆಯಲಿಲ್ಲ.

ಮರುದಿನ ಅತ್ತೆ, ಸೊಸೆ ಓಣಿ ದಾಟುವಾಗ ಗೌಸಿಯಾಬೇಗಂಳ ಮನೆಯ ಮುಂದೆ ನಿಂತರು. ಅವಳೂ ಮೆಂಬರ್. ಅವಳ ಖುರ್ಚಿಯಲ್ಲಿ ಅವಳ ಗಂಡ ಕೂರುತ್ತಿದ್ದ. ಭಾಗ್ಯಜ್ಯೋತಿ ಕರೆದಾಗ ಗೌಸಿಯಾಬೇಗಂ ಬಾಗಿಲ ಪರದೆ ಸರಿಸಿದಳು.

"ಅಕ್ಕಾ, ನಾ ಹೊಂಟೇನಿ. ನೀವೂ ಬರ್ತೀರೇನ್ರಿ?"

"ಇವರು ಸ್ನಾನಕ್ಕ ಹೋಗ್ಯಾರ," ಅಂದಳು ಗೌಸಿಯಾಬೇಗಂ. ಚಪ್ಪಲಿ ಮೆಟ್ಟುತ್ತ, "ಹೊರಗ ಬರೂದರಾಗ ನಾವು ಅಲ್ಲಿರಬೇಕು, ನಡಿ ಲಗೂ," ಅಂದಳು.

ಪಂಚಾಯತಿ ಹಾಲಿನಲ್ಲಿ ದೌಲತರಾಯ ಆಗಲೇ ಬಂದು ಕೂತಿದ್ದ. ಅವನ ಮುಂದಿನ ಮೇಜಿನ ಮೇಲೆ ಫಲಕ ಇತ್ತು, ಅದರ ಮೇಲೆ ಭಾಗ್ಯಜ್ಯೋತಿ ಅಂತ ಬರೆದಿತ್ತು. ಸುಂದರಬಾಯಿಗೆ ಓದು ಅಷ್ಟಕ್ಕಷ್ಟೆ, ಆದರೂ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಳು ಬಾಗಿಲಲ್ಲೇ ನಿಂತಳು. ಸೊಸೆ ಒಳಗೆ ಹೋದಳು.

"ಮಾವಾರ, ಏಳ್ರಿ."

ದೌಲತರಾಯ ಕೂತೇ ಇದ್ದ. ಗುರುಪಾದ ನಕ್ಕು ಹೇಳಿದ: "ತಂಗೀ, ಮನಿ ಜಗಳ ಮನ್ಯಾಗ ಇರಲಿ. ಸಾವ್ಕಾರ್ರು ಹಿರಿಯರು, ಕೂಡಲಿ."

"ಹಿರಿಯರಿಗೆ ಮನ್ಯಾಗ ದೊಡ್ಡ ಖುರ್ಚಿ ಅದರಿ. ಇದು ಓಣಿ ಮಂದಿ ನನಗ ಕೊಟ್ಟದ್ದು."

ಗುರುಪಾದ ಮುಖ್ಯಾಧಿಕಾರಿಯ ಕಡೆ ನೋಡಿದ. ಆತ ಕಾಗದ ಸರಿಮಾಡುತ್ತ, ಯಾರ ಮುಖವನ್ನೂ ನೋಡದೆ, "ಮೆಂಬರ್ ಬಂದ ಮೇಲೆ ಅವರೇ ಕೂಡಬೇಕ್ರಿ," ಅಂದ. ದೌಲತರಾಯ ಎದ್ದ. ಧೋತರದ ನೆರಿಗೆ ಕೊಡವಿ, ಬಾಗಿಲಲ್ಲಿ ಹೆಂಡತಿಯ ಪಕ್ಕದಲ್ಲೇ ಹಾಯ್ದು ಹೊರಗೆ ಹೋದ. ಆದರೆ ದೂರ ಹೋಗಲಿಲ್ಲ. ಕಿಟಕಿಯ ಹೊರಗೆ ಅವನ ರುಮಾಲು ಕಾಣುತ್ತಿತ್ತು.

ಮುಖ್ಯಾಧಿಕಾರಿ ಠರಾವು ಓದಿದ. ರಾತ್ರಿ ಪಾಳಿಯವರು ಮಲಗಿದ್ದರಿಂದ ಗುರುಶಾಂತಮ್ಮನ ಬಣವಿ ಸುಟ್ಟಿತು, ಆದ್ದರಿಂದ ಬರುವ ವರ್ಷ ಆ ಪಗಾರ ಕೈಬಿಡುವುದು, ಆ ದುಡ್ಡು ಕಮಾನಿಗೆ ಹಾಕುವುದು.

"ಒಪ್ಪಿಗಿ ಇದ್ದವರು ಕೈ ಎತ್ತರಿ," ಅಂದ ಗುರುಪಾದ.

ಬಾಗಿಲಿಂದ ಒಂದು ದನಿ ಬಂತು. ಅಷ್ಟೇನು ದೊಡ್ಡ ದನಿಯಲ್ಲ.

"ಎತ್ತರಿ. ನಿಂಬರ್ಗಾದಾಗ ನಮ್ಮ ಟ್ಯಾಂಕರಿನ ನೀರಿಗೆ ತೊಳಕೊಂಡೀರಲ್ಲ, ಅದೇ ಕೈ ಎತ್ತರಿ. ನಾನೂ ತೊಳಕೊಂಡೇನಿ. ನಳಕ್ಕ ನನ್ನ ಸೀರಿ ತುಂಡು ಕಟ್ಟಿತ್ತು. ನನ್ನ ಗಂಡ ಕಳಿಸಿದ್ದು, ನನ್ನ ಮಗ ತಂದಿದ್ದು. ಮಲಗಿದ್ದವರು ಯಾರು ಇಲ್ಲಿ?"

ಗುರುಪಾದ ಮೇಜು ಬಡಿದ. "ಏ ಯವ್ವಾ, ಇದು ಮೆಂಬರರ ಸಭಾ. ಹೊರಗ ನಡಿ. ಆಕಿ ಮಾತು ಬರಕೋಬ್ಯಾಡ್ರಿ."

ಭಾಗ್ಯಜ್ಯೋತಿ ಎದ್ದು ನಿಂತಳು. ತನ್ನ ಹೆಸರಿನ ಫಲಕ ಹಿಡಿದುಕೊಂಡಳು. "ನಮ್ಮ ಅತ್ತಿ ಮೆಂಬರ್ ಅಲ್ಲರಿ. ನಾ ಅದೀನಿ. ಅದೇ ಮಾತು ಈಗ ನಾ ಕೇಳಾಕತ್ತೇನಿ. ಬರಕೋರಿ."

ಎತ್ತಲಿಕ್ಕೆ ಹೊರಟ ಕೈಗಳು ಮೇಜಿನ ಮೇಲೇ ಉಳಿದವು. ಒಬ್ಬ ಹಣೆ ಒರೆಸಿಕೊಂಡ, ಇನ್ನೊಬ್ಬ ಜೇಬಿನಲ್ಲಿ ಕೈ ಇಟ್ಟ. ಮೂಲೆಯಲ್ಲಿದ್ದ ವಯಸ್ಸಾದ ಮೆಂಬರೊಬ್ಬ ಗಂಟಲು ಸರಿಮಾಡಿಕೊಂಡ. "ಹುಗ್ಗಿ ಚಲೋ ಇತ್ತು. ಸುಳ್ಳ ಯಾಕ ಹೇಳಲಿ? ನಾನೂ ಅಲ್ಲೇ ಕೈ ತೊಳದೀನಿ," ಅಂದ. ಯಾರೋ ಕಿಸಕ್ಕನೆ ನಕ್ಕರು.

"ಪಗಾರ ಇರಬೇಕು ಅನ್ನೋರು?" ಅಂತ ಗೌಸಿಯಾಬೇಗಂ ತಾನೇ ಕೇಳಿ, ತಾನೇ ಮೊದಲು ಕೈ ಎತ್ತಿದಳು. ಭಾಗ್ಯಜ್ಯೋತಿ ಎತ್ತಿದಳು. ಮುದುಕ ಎತ್ತಿದ. ಆಮೇಲೆ ಒಂದು, ಮತ್ತೊಂದು. ಕಡೆಗೆ ಎಣಿಸುವ ಅಗತ್ಯವೇ ಬೀಳಲಿಲ್ಲ.

"ಬರಕೋರಿ," ಅಂದ ಗುರುಪಾದ, ಹಲ್ಲು ಕಚ್ಚಿಕೊಂಡೇ.

"ಪೂರಾ ಬರಕೋರಿ," ಅಂದಳು ಭಾಗ್ಯಜ್ಯೋತಿ. "ಟ್ಯಾಂಕರ್ ಎಲ್ಲಿತ್ತು ಅನ್ನೋದೂ. ಅದು ಬರದ ಮ್ಯಾಲ ಓದಿ ಸಹಿ ಮಾಡ್ತೇನಿ."

ಅಂದಿನಿಂದ ದೌಲತರಾಯ ಮನೆಯಲ್ಲಿ ಉಣ್ಣುವುದು ಬಿಟ್ಟ. ಬೆಳಿಗ್ಗೆ ಎದ್ದು ಮಗನ ಅಂಗಡಿಗೆ ಹೋಗಿ ಸಿಮೆಂಟ್ ಚೀಲದ ಮೇಲೆ ಕೂರುತ್ತಿದ್ದ, ಹೋಟೆಲಿನ ಭಜಿ ತರಿಸಿ ತಿನ್ನುತ್ತಿದ್ದ. ನಾಲ್ಕು ದಿನಕ್ಕೆ ಹೊಟ್ಟೆ ಉರಿಯಲಿಕ್ಕೆ ಹತ್ತಿತು. ಸುನೀಲಕುಮಾರ ಮನೆಗೆ ಬಂದು ತಲೆ ಕೆರೆದುಕೊಂಡ.

"ಅವ್ವಾ, ಅಪ್ಪಗ ಬುತ್ತಿ ಕಟ್ಟಿ ಕೊಡಬೇಕಂತ."

"ಬುತ್ತಿ ಕೆಲಸಕ್ಕ ಹೋಗೋರಿಗೆ ಕಟ್ತೀನಿ. ಸಿಟ್ಟಿಗೆ ಕಟ್ಟಾಂಗಿಲ್ಲ. ತಾಟು ಇಲ್ಲೇ ಅದ ಅಂತ ಹೇಳು."

ಸುನೀಲಕುಮಾರ ನಿಂತೇ ಇದ್ದ. ಜೇಬಿನಿಂದ ಒಂದು ಹೊಸ ಹಿತ್ತಾಳೆ ನಳ ತೆಗೆದು ತಮ್ಮನ ಮುಂದೆ ಇಟ್ಟ. "ಟ್ಯಾಂಕರಿಗೆ ಹಚ್ಚು. ಆ ಸೀರಿ ತುಂಡು ಬಿಚ್ಚಿ ದೂರ ಒಗಿ. ಊರೆಲ್ಲಾ ಅದರದೇ ಮಾತು, ನನಗ ಅಂಗಡ್ಯಾಗ ಕೂಡಾಕ ಆಗವಲ್ದು."

"ನಳ ಹಚ್ತೀನಿ," ಅಂದ ಕಲ್ಲಿನಾಥ. "ತುಂಡು ಇರ್ತದ."

ಗುರುಶಾಂತಮ್ಮ ಕಲ್ಲಿನಾಥನಿಗೆ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. ಎಮ್ಮೆ ತಿರುಗಿ ಹಾಲು ಕೊಟ್ಟ ದಿನ ಒಂದು ತಂಬಿಗೆ ತಂದು ಒಲೆಯ ಹತ್ತಿರ ಇಟ್ಟು, "ಇದರಾಗ ಸಕ್ಕರಿ ಹಾಕಿ ಅವನಿಗೆ ಕೊಡು," ಅಂದಳು. ಸಭೆಯಲ್ಲಿ ಆಡಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು.

ಸುಂದರಬಾಯಿ ಅವಳ ತಂಬಿಗೆ ತೊಳೆದು ತಿರುಗಿ ಕೊಡುತ್ತ, "ಅವತ್ತು ನೀ ಕೇಳಿದಾಗ ಹೇಳಬೇಕಿತ್ತು," ಅಂದಳು.

"ಊರ ಮುಂದ ಹೇಳಿದ್ಯಲ್ಲ, ಸಾಕು," ಅಂದು ಗುರುಶಾಂತಮ್ಮ ಹೋದಳು.

ಒಂದು ಸಂಜೆ, ಬಿಸಿಲಿಳಿದ ಮೇಲೆ, ದೌಲತರಾಯ ತಾನಾಗಿಯೇ ಬಂದು ತನ್ನ ಮಣೆಯ ಮೇಲೆ ಕೂತ. ಸುಂದರಬಾಯಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು, ಮಜ್ಜಿಗೆಯನ್ನೂ ಇಟ್ಟಳು. ಬಾಜೂಕ್ಕೆ ಕಲ್ಲಿನಾಥ ಪಾಳಿಗೆ ಹೋಗುವ ಮುಂಚೆ ಉಣ್ಣುತ್ತಿದ್ದ. ಅಪ್ಪ, ಮಗ ಮಾತಾಡದಿದ್ದರೂ ಒಂದೇ ಹಿಂಡಿ ಬಟ್ಟಲಿಗೆ ಕೈ ಹಾಕಿದರು.

ಆಗ ಬಾಗಿಲಲ್ಲಿ ಗುರುಪಾದನ ಆಳು ನಿಂತ.

"ಸಾವ್ಕಾರ್ರ, ಅಧ್ಯಕ್ಷರು ಕಳಿಸ್ಯಾರ. ನಾಳಿ ಕರಜಗಿಯಾಗ ಅವರ ಬೀಗರ ಹೊಸ ಮನಿ ಶಾಂತಿ ಅದ. ಟ್ಯಾಂಕರ್ ಒಂದೀಟು ಹೊತ್ತು ಬೇಕಾಗಿತ್ತು. ನಿಮ್ಮ ಮಾತು ನಡೀತದ, ಕೇಳು ಅಂದ್ರು."

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಲ್ಲಿನಾಥ ತಾಟಿನಿಂದ ಕಣ್ಣು ಎತ್ತಲಿಲ್ಲ. ದೌಲತರಾಯ ಬಾಯಿಯೊಳಗಿನ ತುತ್ತು ಬಹಳ ಹೊತ್ತು ಅಗಿದ. ಸುಂದರಬಾಯಿ ಅವನ ಗಂಟಲನ್ನೇ ನೋಡುತ್ತಿದ್ದಳು.

"ನನಗ ಯಾಕ ಕೇಳ್ತಿ?" ಅಂದ ಕಡೆಗೆ, ತಾಟು ನೋಡುತ್ತಲೇ. "ಮೆಂಬರ್ ಒಳಗದಾಳ."

ಆಳು ತಬ್ಬಿಬ್ಬಾಗಿ ಒಲೆಯ ಕಡೆ ನೋಡಿದ. ಭಾಗ್ಯಜ್ಯೋತಿ ಹಿಟ್ಟಿನ ಕೈಯಲ್ಲೇ ತಿರುಗಿದಳು.

"ಬೆಂಕಿ ಹತ್ಯಾದೇನ್ರಿ?"

"ಇಲ್ಲರಿ ಅಕ್ಕಾರ, ಶಾಂತಿ ಕಾರ್ಯಕ್ರಮ."

"ಹಂಗಾದ್ರ ಇಲ್ಲ."

ಆಳು ತಿರುಗಿ ಹೋದ. ಸುಂದರಬಾಯಿ ಸೊಸೆಯ ಕೈಯಿಂದ ಹಿಟ್ಟಿನ ಉಂಡೆ ಇಸಕೊಂಡಳು.

"ಏಳು ಭಾಗ್ಯಾ. ಕೈ ತೊಳಕೊಂಡು ಉಣ್ಣಾಕ ಕೂಡು. ಉಳಿದ ರೊಟ್ಟಿ ನಾ ಬಡೀತೀನಿ."

ಮಾವ ತನ್ನ ಮಣೆ ಒಂದಿಷ್ಟು ಸರಿಸಿದ. ಭಾಗ್ಯಜ್ಯೋತಿ ಗಂಡಸರ ಸಾಲಿನಲ್ಲಿ ಕೂತಳು. ಹೊರಗೆ, ಪಂಚಾಯತಿ ಅಂಗಳದಲ್ಲಿ, ಟ್ಯಾಂಕರ್ ಕಂಠಮಟ ತುಂಬಿ ನಿಂತಿತ್ತು.